ಮಾತು ಬಿಟ್ಟ ಯಂತ್ರಗಳು

ಒಂದೇ ಸೂರಿನ ಕೆಳಗೆ ಬಾಳುತ್ತ, ಒಂದೇ ಒಲೆಯ ಅಡಿಗೆಯನ್ನುಣ್ಣುತ್ತ, ಪರಸ್ಪರ ಮಾತಿಲ್ಲದೆ ವರ್ಷಗಳನ್ನು ಕಳೆಯುವ ಅಣ್ಣತಮ್ಮಂದಿರನ್ನು ನಮ್ಮಲ್ಲಿ ನೋಡದವರು ವಿರಳ. ಕಾರಣವೇನೆಂದು ಕೆದಕಿ ಕೇಳಿದರೆ ಬೆಟ್ಟದಂಥ ಸಂಗತಿಯೇನೂ ಹೊರಬೀಳುವುದಿಲ್ಲ. ಎಂದೋ ಒಬ್ಬನು ಕರೆದದ್ದು ಇನ್ನೊಬ್ಬನ ಕಿವಿಗೆ ಬೀಳಲಿಲ್ಲ. ಓಗೊಡಲಿಲ್ಲವೆಂದು ಇವನು ಮುನಿದ. ಕರೆಯಲೇ ಇಲ್ಲವೆಂದು ಅವನು ಮುನಿದ.

ಮನುಷ್ಯರ ಮಾತು ಹಾಗಿರಲಿ. ಯಂತ್ರಗಳೂ ಹೀಗೆಯೇ ಮಾತು ಬಿಡುತ್ತವೆಂದು ನನಗೆ ತಿಳಿದದ್ದು ಕಳೆದ ವರ್ಷ ಏಪ್ರಿಲ್ ತಿಂಗಳ ಒಂದು ಸಂಜೆ, ತ್ಯಾವಣಿಗೆಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಸಂಧಿ ಬಿಡಿಸಲು ಬಲ್ಲೆ, ಸಮಾಸ ಒಡೆಯಲು ಬಲ್ಲೆ. ಯಂತ್ರವಿದ್ಯೆಗೂ ನನಗೂ ಅಷ್ಟೇನೂ ನೆಂಟಸ್ತನವಿಲ್ಲ. ಆದರೂ ಆ ರಾತ್ರಿ ಕಲಿತ ಪಾಠವನ್ನು ವಾಚಕರ ಮುಂದಿಡುವುದರಿಂದ ನಾಲ್ಕು ಮನೆಗಳಲ್ಲಾದರೂ ಒಂದು ರಾತ್ರಿಯ ನಿದ್ದೆ ಉಳಿದೀತೆಂಬ ಆಸೆ ನನ್ನದು.

ಪರೀಕ್ಷೆಯ ಹಿಂದಿನ ಸಂಜೆ

ತ್ಯಾವಣಿಗೆ ಚನ್ನಗಿರಿ ತಾಲ್ಲೂಕಿನ ಊರು. ಭದ್ರಾ ನಾಲೆಯ ನೀರು ಹರಿಯುವ ನಾಡು. ಒಂದು ಕಡೆ ಬತ್ತದ ಗದ್ದೆ, ಇನ್ನೊಂದು ಕಡೆ ಅಡಿಕೆಯ ತೋಟ. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಗುವವರೆಗೆ ಈ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ನನ್ನ ಭಾವನವರದು ಮೂರು ತಲೆಮಾರಿನ ಮನೆ. ಹಿಂದಿನ ಭಾಗಕ್ಕೆ ಮೊಳದಗಲದ ಮಣ್ಣಿನ ಗೋಡೆ. ಮುಂದಿನ ಭಾಗಕ್ಕೆ ಇತ್ತೀಚಿನ ಸಿಮೆಂಟಿನ ತಾರಸಿ. ಮುಂದಿನ ಹಜಾರದ ಗೋಡೆಯ ಮೇಲೆ ಅಂತರ್ಜಾಲದ ರೌಟರ್. ಒಳಕೋಣೆಯಲ್ಲಿ, ಕಬ್ಬಿಣದ ಬೀರುವಿನ ಪಕ್ಕದಲ್ಲಿ, ಪ್ರಿಂಟರ್.

ಅಕ್ಕನ ಮಗಳಿಗೆ ಮರುದಿನ ಬೆಳಿಗ್ಗೆ ದಾವಣಗೆರೆಯಲ್ಲಿ ಸಿ.ಇ.ಟಿ. ಪರೀಕ್ಷೆ. ಅವಳಿಗೆ ಧೈರ್ಯ ಹೇಳಿ ಜೊತೆಯಲ್ಲಿ ಕರೆದೊಯ್ಯಲೆಂದು ನಾನು ಸಂಜೆಯ ಬಸ್ಸಿಗೆ ಬಂದಿಳಿದಿದ್ದೆ. ಬಾಗಿಲಲ್ಲಿಯೇ ಅಕ್ಕನ ಬಾಡಿದ ಮುಖ ಕಂಡಿತು.

“ಬಾ ತಮ್ಮಾ, ಒಳ್ಳೆ ಹೊತ್ತಿಗೆ ಬಂದಿ. ಹಾಲ್ ಟಿಕೆಟ್ ಇನ್ನೂ ಕೈಗೆ ಬಂದಿಲ್ಲ!”

“ಇಳಿಸಿಕೊಂಡಿದ್ದೇನೆ ಮಾವ, ಕಂಪ್ಯೂಟರಿನಲ್ಲಿದೆ,” ಎಂದಳು ಹುಡುಗಿ. ಕಣ್ಣಂಚಿನಲ್ಲಿ ನೀರು. “ಮನೆಯಲ್ಲೇ ಪ್ರಿಂಟರ್ ಇದೆಯಲ್ಲ ಎಂದು ಇಷ್ಟು ದಿನ ಸುಮ್ಮನಿದ್ದೆ. ಈಗ ನೋಡಿದರೆ ಅದು ‘ಆಫ್‌ಲೈನ್’ ಅನ್ನುತ್ತೆ. ಎಷ್ಟು ಸಲ ಒತ್ತಿದರೂ ಅಷ್ಟೆ.”

ಜೆರಾಕ್ಸ್ ಅಂಗಡಿ ಬಾಗಿಲು ಹಾಕಿತ್ತು. ಪ್ರಿಂಟರಿನೊಡನೆ ಬಂದಿದ್ದ ಯು.ಎಸ್.ಬಿ. ತಂತಿಯೊಂದಿದ್ದರೆ ಅದನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ ಐದೇ ನಿಮಿಷದಲ್ಲಿ ಕೆಲಸ ಮುಗಿಸಬಹುದಾಗಿತ್ತು. ಆದರೆ ಅದನ್ನು ಹುಡುಗಿಯ ಅಣ್ಣ ತನ್ನೊಡನೆ ಬೆಂಗಳೂರಿಗೆ ಒಯ್ದಿದ್ದ. ಮೊದಲ ಬಸ್ಸಿಗೆ ಹೊರಡಬೇಕು. ದಾವಣಗೆರೆಯಲ್ಲಿ ಅಷ್ಟು ಬೆಳಿಗ್ಗೆ ಯಾವ ಅಂಗಡಿ ತೆರೆದಿರುತ್ತದೆಂದು ಹೇಳುವವರಾರು? ಎರಡು ವರ್ಷದ ಓದು ಒಂದು ಹಾಳೆಯ ಮೇಲೆ ನಿಂತಿತ್ತು.

ನೆರವಿಗೆ ಬಂದ ಧ್ವನಿ

ಭಾವನವರು ಎಲ್ಲಿ ಎಂದು ಕೇಳಿದೆ. ಹಿತ್ತಲ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಯಾರೊಡನೆಯೋ ಮಾತನಾಡುತ್ತಿದ್ದರು. “ಹೂಂ ಸಾರ್... ಇಳಿಸಿಕೊಳ್ತಾ ಇದೀನಿ ಸಾರ್... ಎಷ್ಟು ನಂಬರು ಅಂದ್ರಿ?” ಎಂಬ ಮಾತು ಕಿವಿಗೆ ಬಿತ್ತು. ವಿಚಾರಿಸಿದಾಗ ತಿಳಿದದ್ದಿಷ್ಟು: ಪ್ರಿಂಟರ್ ಕೆಟ್ಟಿತೆಂದು ಅಂತರ್ಜಾಲದಲ್ಲಿ ಹುಡುಕಿದಾಗ ಒಂದು ‘ಸಹಾಯವಾಣಿ’ಯ ಸಂಖ್ಯೆ ಸಿಕ್ಕಿದೆ. ಆ ಕಡೆಯ ಮಹಾಶಯನು ಅತ್ಯಂತ ವಿನಯದಿಂದ, ಮೊಬೈಲಿಗೆ ಒಂದು ಆ್ಯಪ್ ಇಳಿಸಿಕೊಳ್ಳಿರೆಂದೂ, ಅದು ತೋರಿಸುವ ಅಂಕಿಗಳನ್ನು ಓದಿ ಹೇಳಿರೆಂದೂ ಕೇಳುತ್ತಿದ್ದಾನೆ!

ನಾನು ಮೊಬೈಲನ್ನು ಅವರ ಕೈಯಿಂದ ಕಸಿದುಕೊಂಡೆನೆಂದೇ ಹೇಳಬೇಕು. ಅಂಥ ಆ್ಯಪ್ ಇಳಿಸಿ ಅಂಕಿಗಳನ್ನು ಹೇಳಿದರೆ ನಮ್ಮ ಪರದೆಯ ಮೇಲಿನದೆಲ್ಲ ದೂರದಲ್ಲಿ ಕುಳಿತವನಿಗೆ ಕಾಣುತ್ತದೆ. ಅದೇ ಮೊಬೈಲಿನಲ್ಲಿ ಭಾವನವರ ಬ್ಯಾಂಕಿನ ಖಾತೆ. ಆ ಖಾತೆಯಲ್ಲಿ ಅಡಿಕೆ ಮಾರಿದ ಹಣ. ಕೆಟ್ಟ ಪ್ರಿಂಟರಿನ ನೆಪದಲ್ಲಿ ಖಾತೆಯನ್ನೇ ಬರಿದುಮಾಡುವ ಕಳ್ಳರು ನಮ್ಮ ನಡುವೆ ಇದ್ದಾರೆ. ವಾಚಕರು ದಯಮಾಡಿ ನೆನಪಿಡಬೇಕು: ತಯಾರಕರ ದೂರವಾಣಿ ಸಂಖ್ಯೆ ಬೇಕಾದರೆ ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿ ನೋಡಿರಿ, ಹುಡುಕಿದಾಗ ಮೊದಲು ಕಂಡ ಸಂಖ್ಯೆಯನ್ನು ನಂಬಬೇಡಿರಿ. ಒ.ಟಿ.ಪಿ.ಯನ್ನು ಯಾರಿಗೂ ಓದಿ ಹೇಳಬೇಡಿರಿ. ಒಂದು ವೇಳೆ ಹಣ ಹೋಗಿಯೇ ಬಿಟ್ಟರೆ, ನಾಚಿಕೆಯಿಂದ ಮುಚ್ಚಿಡದೆ, ಆ ಕ್ಷಣವೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಿರಿ. ಅಲ್ಲಿ ಕಾಲವೇ ಹಣ.

ಭಾವನವರು ಸಪ್ಪಗಾದರು. “ನನಗೇನು ಗೊತ್ತಾಗುತ್ತೆ ಮೇಷ್ಟ್ರೇ, ಇದೆಲ್ಲ ನಮ್ಮಂಥ ಒಕ್ಕಲು ಮಕ್ಕಳ ವಿದ್ಯೆಯಲ್ಲ. ನಾಳೆ ಹೊಸ ಪ್ರಿಂಟರನ್ನೇ ತಂದುಬಿಡ್ತೀನಿ,” ಎಂದರು.

ಗೋಡೆಯ ಮೇಲಿನ ಆಕಾಶವಾಣಿ

ಹೊಸ ಪ್ರಿಂಟರ್ ತಂದಿದ್ದರೆ ಅದೂ ಹಳೆಯದರ ಹಾಗೆಯೇ ಮೂಕವಾಗಿ ಕುಳಿತಿರುತ್ತಿತ್ತೋ ಏನೋ! ಇಂಥ ಪ್ರಸಂಗಗಳಲ್ಲಿ ಬಹುಸಲ ಯಂತ್ರ ಕೆಟ್ಟಿರುವುದಿಲ್ಲ. ಯಂತ್ರಗಳ ಪರಿಚಯ ಕೆಟ್ಟಿರುತ್ತದೆ. ಇದನ್ನು ತಿಳಿಯಬೇಕಾದರೆ ರೌಟರ್ ಎಂಬುದು ಏನೆಂದು ಸ್ವಲ್ಪ ನೋಡಬೇಕು.

1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಕಣ್ಣಿಗೆ ಕಾಣದ ವಿದ್ಯುತ್ಕಾಂತ ತರಂಗಗಳನ್ನು ಗೋಡೆಯ ಮೂಲಕ ಹಾಯಿಸಿ ಆಚೆ ಕಡೆಯ ಗಂಟೆಯನ್ನು ಬಾರಿಸಿ ತೋರಿಸಿದರು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪುಟ್ಟ ಪ್ರಸಾರ ಕೇಂದ್ರವೊಂದನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ನಮ್ಮ ಹಜಾರದ ಗೋಡೆಯ ಮೇಲೆ ಮಿಣಿಮಿಣಿ ದೀಪ ತೋರುತ್ತ ಕುಳಿತಿರುವ ರೌಟರ್ ಸಹ ಅದೇ ಕುಲದ್ದು. ಅದೊಂದು ಅತಿ ಚಿಕ್ಕ ಆಕಾಶವಾಣಿ. ವ್ಯತ್ಯಾಸವಿಷ್ಟೇ, ಇದು ಮಾತನಾಡುವುದು ಮಾತ್ರವಲ್ಲ, ಕೇಳಿಸಿಕೊಳ್ಳುತ್ತದೆ. ಹಿಂದೆ ರೇಡಿಯೊ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದುದು ಹಿರಿಯರಿಗೆ ನೆನಪಿದ್ದೀತು. ಈಗ ಮನೆಯ ಈ ಪುಟ್ಟ ಕೇಂದ್ರಕ್ಕೆ ಅದೊಂದೂ ಇಲ್ಲ, 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿಲ್ಲದೆ ಬಳಸಲು ನಮ್ಮ ಸರಕಾರವು 2005ರಲ್ಲಿ ಅನುಮತಿ ಕೊಟ್ಟಿತು.

ಇಂದಿನ ರೌಟರುಗಳು ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಮಾತನಾಡುತ್ತವೆ: ಒಂದು 2.4, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ. ಗೋಡೆಗಳನ್ನು ತಕ್ಕಮಟ್ಟಿಗೆ ದಾಟಬಲ್ಲದು. ಎರಡನೆಯದು ವೇಗಶಾಲಿ, ಆದರೆ ಅಲೆ ಅದರರ್ಧಕ್ಕಿಂತ ಚಿಕ್ಕದು. ಗೋಡೆಗೆ ಬೇಗ ಸೋಲುತ್ತದೆ. ಮನೆಬಳಕೆಯ ಅಗ್ಗದ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ 2.4ರ ಮಾತು ಮಾತ್ರ ತಿಳಿಯುತ್ತದೆ. ರೌಟರಿನಲ್ಲಿ ಆ ಪಟ್ಟಿಯನ್ನು ಮುಚ್ಚಿಟ್ಟಿದ್ದರೆ ಪ್ರಿಂಟರ್ ಪಾಲಿಗೆ ಮನೆಯೆಲ್ಲ ನಿಶ್ಶಬ್ದ. ಮಣ್ಣಿನ ದಪ್ಪ ಗೋಡೆ, ಕಬ್ಬಿಣದ ಬೀರು, ನೀರಿನ ತೊಟ್ಟಿ ಇವೆಲ್ಲ ಅಲೆಗಳಿಗೆ ಶತ್ರುಗಳು. ಪ್ರಿಂಟರನ್ನು ಬೀರುವಿನ ಮರೆಯಿಂದ ಈಚೆಗೆ ಎಳೆದದ್ದು ನಾವು ಮಾಡಿದ ಮೊದಲ ಕೆಲಸ. ದೀಪ ಮಾತ್ರ ಮಿನುಗುತ್ತಲೇ ಇತ್ತು.

ನೀರಗಂಟಿಯ ವಿದ್ಯೆ

“ಭಾವ,” ಎಂದು ಕೇಳಿದೆ, “ಗದ್ದೆಗೆ ನೀರು ಬರಲಿಲ್ಲವೆಂದರೆ ನೀವು ಏನು ಮಾಡುತ್ತೀರಿ? ಗದ್ದೆಯನ್ನು ಅಗೆಯುತ್ತೀರಾ?”

“ಗದ್ದೆ ಅಗೆದರೆ ನೀರು ಬರುತ್ತಾ?” ಎಂದು ನಕ್ಕರು. “ತೂಬಿನ ಹತ್ತಿರ ಹೋಗ್ತೀನಿ. ತೂಬಿನಲ್ಲಿ ನೀರು ಇದೆಯೋ ನೋಡ್ತೀನಿ. ಇದ್ದರೆ ಕಾಲುವೆಯ ಬದಿ ಹಿಡಿದು ಇಳಿದು ಬರ್ತೀನಿ. ಎಲ್ಲಿ ಕಸ ಕಟ್ಟಿದೆ, ಎಲ್ಲಿ ಯಾರು ಮಡೆ ತಿರುಗಿಸಿದ್ದಾರೆ, ಒಂದೊಂದೇ ನೋಡ್ಕೊಂಡು ಬಂದರೆ ಗೊತ್ತಾಗುತ್ತೆ.”

“ಹಾಗಾದರೆ ಈ ವಿದ್ಯೆ ನಿಮಗೆ ಗೊತ್ತಿಲ್ಲವೆಂದು ಯಾರು ಹೇಳಿದರು? ರೌಟರೇ ನೀರಗಂಟಿ. ಬನ್ನಿ, ತೂಬಿನಿಂದ ಇಳಿದು ಬರೋಣ.”

ಭಾವನವರ ಮುಖದಲ್ಲಿ ಮೊದಲ ಬಾರಿಗೆ ಬೆಳಕು ಕಂಡಿತು. ನಾನೂ ಆ ಉಪಮೆಯನ್ನು ಹೇಳಿದ ಮೇಲೆಯೇ ನನ್ನ ತಲೆಯೊಳಗೆ ಕೆಲಸದ ಕ್ರಮವನ್ನು ಜೋಡಿಸಿಕೊಂಡದ್ದು. ಆ ತನಕ ಮನೆಯವರು ಮಾಡಿದ್ದೇನು? ಒಬ್ಬರು ರೌಟರನ್ನು ಆರಿಸಿದ್ದರು, ಅದೇ ಹೊತ್ತಿಗೆ ಇನ್ನೊಬ್ಬರು ಪ್ರಿಂಟರಿನ ಗುಂಡಿಗಳನ್ನು ಒತ್ತಿದ್ದರು, ಮತ್ತೊಬ್ಬರು ಕಂಪ್ಯೂಟರಿನಲ್ಲಿ ಇದ್ದದ್ದನ್ನು ಅಳಿಸಿ ಪುನಃ ತುಂಬಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸುಳ್ಳಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಫಲ ನೋಡಬೇಕು, ಬಳಿಕ ಮುಂದಿನದು.

ತೂಬಿನಲ್ಲಿ ನೀರಿತ್ತು. ರೌಟರಿನ ದೀಪಗಳು ಸ್ಥಿರವಾಗಿದ್ದವು. ಮೊಬೈಲುಗಳು ಅದರೊಡನೆ ಮಾತನಾಡುತ್ತಿದ್ದವು. ಇಲ್ಲಿ ಒಂದು ಮಾತು: ಅಂತರ್ಜಾಲವೇ ಬೇರೆ, ಮನೆಯೊಳಗಿನ ಜಾಲವೇ ಬೇರೆ. ಹೊರಗಿನ ಸಂಪರ್ಕ ಕಡಿದುಹೋಗಿದ್ದರೂ ಮನೆಯ ಕಂಪ್ಯೂಟರಿನಿಂದ ಮನೆಯ ಪ್ರಿಂಟರಿಗೆ ಸಾಮಾನ್ಯವಾಗಿ ಅಚ್ಚು ಕಳುಹಿಸಬಹುದು.

ಮುಂದೆ ಗದ್ದೆ. ಪ್ರಿಂಟರ್ ತಾನಾಗಿ ಅಚ್ಚು ಮಾಡಬಲ್ಲದೇ? ಬಹುಪಾಲು ಪ್ರಿಂಟರುಗಳು ಕಂಪ್ಯೂಟರಿನ ಹಂಗಿಲ್ಲದೆ ತಮ್ಮ ಸ್ಥಿತಿಗತಿಯ ಪುಟವೊಂದನ್ನು ತಾವೇ ಅಚ್ಚು ಹಾಕಬಲ್ಲವು. ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂಬುದು ಪುಸ್ತಿಕೆಯಲ್ಲಿರುತ್ತದೆ. ಅಕ್ಕ ಪುಸ್ತಿಕೆಯನ್ನು ಹುಡುಕಿ ತಂದಳು. ಗುಂಡಿ ಒತ್ತಿದ್ದೇ ತಡ, ಪ್ರಿಂಟರ್ ಗರಗರನೆ ಎಚ್ಚೆತ್ತು ಒಂದು ಹಾಳೆಯನ್ನು ಹೊರಕ್ಕೆ ನೂಕಿತು! ಶಾಯಿ ಇದೆ, ಕಾಗದ ಇದೆ, ಯಂತ್ರ ಗಟ್ಟಿಯಾಗಿದೆ. ಹೊಸ ಪ್ರಿಂಟರಿನ ಖರ್ಚು ಆ ಕ್ಷಣದಲ್ಲಿಯೇ ಉಳಿಯಿತು.

ಹೆಸರು, ಗುಟ್ಟು, ವಿಳಾಸ

ಆ ಹಾಳೆಯಲ್ಲಿಯೇ ರೋಗದ ಮೂಲವೂ ಇತ್ತು. ‘ಜಾಲದ ಹೆಸರು’ ಎಂಬ ಸಾಲಿನ ಮುಂದೆ ಹುಡುಗಿಯ ಅಣ್ಣ ಎಂದೋ ಇಟ್ಟಿದ್ದ ಹಳೆಯ ಹೆಸರು. ಅದರ ಕೆಳಗೆ: ‘ಸಂಪರ್ಕವಿಲ್ಲ’.

“ಓ! ಮೂರು ದಿನದ ಹಿಂದೆ ಫೈಬರ್ ಹಾಕಿ ಹೊಸ ರೌಟರ್ ಕೊಟ್ಟು ಹೋದರು, ಮಾವ,” ಎಂದಳು ಹುಡುಗಿ. ಎಲ್ಲವೂ ಸ್ಪಷ್ಟವಾಯಿತು. ಮೊಬೈಲುಗಳಿಗೂ ಕಂಪ್ಯೂಟರಿಗೂ ಹೊಸ ರೌಟರಿನ ಪರಿಚಯ ಮಾಡಿಕೊಟ್ಟಿದ್ದರು. ಒಳಕೋಣೆಯ ಪ್ರಿಂಟರನ್ನು ಮಾತ್ರ ಎಲ್ಲರೂ ಮರೆತಿದ್ದರು. ಪಾಪ, ಅದು ಮೂರು ದಿನದಿಂದಲೂ ಹಳೆಯ ಯಜಮಾನನನ್ನೇ ಹೆಸರು ಹಿಡಿದು ಕೂಗುತ್ತಿತ್ತು. ಮಿನುಗುವ ದೀಪದ ಅರ್ಥ ಅದು. ಹಳೆಯ ರೌಟರ್ ಅಟ್ಟದ ಮೇಲೆ ಧೂಳು ಹಿಡಿಯುತ್ತಿತ್ತು.

ಇದಕ್ಕೆ ಎರಡು ದಾರಿ. ಒಂದು, ಪ್ರಿಂಟರಿಗೆ ಹಳೆಯದನ್ನು ಮರೆಸಿ ಹೊಸ ಪರಿಚಯ ಮಾಡಿಸುವುದು. ಕೆಲವು ರೌಟರುಗಳಲ್ಲಿ ಡಬ್ಲ್ಯು.ಪಿ.ಎಸ್. ಎಂಬ ಗುಂಡಿಯಿರುತ್ತದೆ, ಅದನ್ನು ಒತ್ತಿ, 2 ನಿಮಿಷದೊಳಗಾಗಿ ಪ್ರಿಂಟರಿನ ಅಂಥದೇ ಗುಂಡಿಯನ್ನು ಒತ್ತಿದರೆ ಕೈಕುಲುಕಿದಂತೆ. ನಮ್ಮ ರೌಟರಿನಲ್ಲಿ ಆ ಗುಂಡಿ ಇರಲಿಲ್ಲ. ಎರಡನೆಯ ದಾರಿ ಇನ್ನೂ ಸೊಗಸು: ಹೊಸ ರೌಟರಿಗೆ ಹಳೆಯ ಹೆಸರನ್ನೂ ಹಳೆಯ ಗುಪ್ತಪದವನ್ನೂ ಇಟ್ಟುಬಿಡುವುದು. ಮನೆಯ ಹಳೆಯ ಯಂತ್ರಗಳು ಯಜಮಾನ ಬದಲಾದುದನ್ನು ಅರಿಯದೆ ತಾವಾಗಿಯೇ ಬಂದು ಸೇರುತ್ತವೆ.

ಕಂಪ್ಯೂಟರಿನಲ್ಲಿ 192.168.1.1 ಎಂದು ಬರೆದು, ರೌಟರಿನ ಅಡಿಯ ಚೀಟಿಯಲ್ಲಿದ್ದ ಅಂಕಿತವನ್ನು ಕೊಟ್ಟು, ಅದರ ಆಡಳಿತದ ಪುಟವನ್ನು ತೆರೆದೆವು. ಹೆಸರು ಸ್ಥಿತಿಗತಿಯ ಹಾಳೆಯಲ್ಲಿ ಸಿಕ್ಕಿತ್ತು. ಗುಪ್ತಪದ? ಅದನ್ನು ಬಲ್ಲ ಹುಡುಗ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದ, ಮೊಬೈಲ್ ಆರಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ನಿಟ್ಟುಸಿರಿಡುವಷ್ಟರಲ್ಲಿ ಮಂಚದ ಮೇಲೆ ಕುಳಿತಿದ್ದ ಭಾವನವರ ತಾಯಿ ಬಾಯಿಬಿಟ್ಟರು.

“ಅದೇನೋ ಇಂಗ್ಲಿಷಿನಾಗೆ ಬರೆದು, ‘ಅಜ್ಜಿ, ಇದನ್ನು ಕಳೀಬ್ಯಾಡ’ ಅಂತ ಹೇಳಿ ಹೋಗಿದ್ನಲ್ಲ, ಅದು ಬೇಕಾ? ದೇವರ ಕೋಣೆ ಕ್ಯಾಲೆಂಡರಿನ ಹಿಂದೆ ನೋಡ್ರಿ, ಮೇಷ್ಟ್ರೇ.”

ಚೀಟಿ ಅಲ್ಲಿಯೇ ಇತ್ತು! ಮೊದಲ ಪ್ರಯತ್ನ ವಿಫಲವಾಯಿತು. ಎರಡನೆಯ ಸಲ ದೀಪದ ಬೆಳಕಿಗೆ ಹಿಡಿದು ನೋಡಿದಾಗ, ಇಂಗ್ಲಿಷಿನ ‘ಓ’ ಎಂದು ನಾವು ಓದಿದ್ದು ಸೊನ್ನೆಯಾಗಿತ್ತು. ಗುಪ್ತಪದದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳಿಗೂ ಭೇದವುಂಟು. ಒಂದು ತಪ್ಪಿದರೂ ಬಾಗಿಲು ತೆರೆಯದು. ಜೊತೆಗೆ, ಹಳೆಯ ಪ್ರಿಂಟರುಗಳಿಗೆ ಡಬ್ಲ್ಯು.ಪಿ.ಎ. 3 ಎಂಬ ಹೊಸ ಬೀಗದ ಪದ್ಧತಿ ತಿಳಿಯದಾದ್ದರಿಂದ ಡಬ್ಲ್ಯು.ಪಿ.ಎ. 2 ಎಂಬುದನ್ನು ಆರಿಸಿದೆವು, 2.4ರ ಪಟ್ಟಿ ತೆರೆದಿದೆಯೆಂದು ಖಚಿತಪಡಿಸಿಕೊಂಡೆವು. ಹೆಸರು ಬದಲಾದೊಡನೆ ಕಂಪ್ಯೂಟರ್ ಜಾಲದಿಂದ ಕಳಚಿಕೊಂಡಿತು. ಅದನ್ನೂ ಹಳೆಯ ಹೆಸರಿಗೇ ಸೇರಿಸಿದೆವು. ರೌಟರನ್ನು ಆರಿಸಿ ಹೊತ್ತಿಸಿ, ಎರಡು ಮೂರು ನಿಮಿಷ ಕಾದು, ಆಮೇಲೆ ಪ್ರಿಂಟರನ್ನು ಹೊತ್ತಿಸಿದೆವು.

ಮಿನುಗುತ್ತಿದ್ದ ದೀಪ ಒಮ್ಮೆ ತಡವರಿಸಿತು, ಮತ್ತೊಮ್ಮೆ ಮಿನುಗಿತು, ಆಮೇಲೆ ಸ್ಥಿರವಾಗಿ ನಿಂತಿತು. ಅಕ್ಕ ಅರಿವಿಲ್ಲದೆ ಕೈಮುಗಿದಳು.

ಆದರೆ ಕಂಪ್ಯೂಟರ್ ಇನ್ನೂ ‘ಆಫ್‌ಲೈನ್’ ಎಂದೇ ಹಟ ಹಿಡಿದಿತ್ತು. ಇದು ಕೊನೆಯ ಮಡೆ: ವಿಳಾಸ. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ರೌಟರ್ ಒಂದು ಸಂಖ್ಯಾವಿಳಾಸವನ್ನು ಕೊಡುತ್ತದೆ. ದಾನವಾಗಿ ಅಲ್ಲ, ಅವಧಿಯ ಬಾಡಿಗೆಗೆ. ಯಂತ್ರ ಬಹಳ ಹೊತ್ತು ಆರಿದ್ದರೆ, ರೌಟರ್ ಬದಲಾದರೆ, ವಿದ್ಯುತ್ತು ಹೋಗಿ ಬಂದರೆ, ಬೇರೆ ವಿಳಾಸ ದೊರೆಯಬಹುದು. ನಮ್ಮ ಕಂಪ್ಯೂಟರ್ ಪ್ರಿಂಟರಿನ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಸ್ಥಿತಿಗತಿಯ ಪುಟವನ್ನು ಮತ್ತೊಮ್ಮೆ ಅಚ್ಚು ಹಾಕಿ, ಹೊಸ ವಿಳಾಸವನ್ನು ಓದಿ, ಕಂಪ್ಯೂಟರಿಗೆ ತಿಳಿಸಿದೆವು. ಆ ಪುಟದಲ್ಲಿ ವಿಳಾಸವು 169.254 ಎಂದು ಆರಂಭವಾಗಿದ್ದರೆ, ರೌಟರ್ ವಿಳಾಸವನ್ನೇ ಕೊಟ್ಟಿಲ್ಲ, ಯಂತ್ರ ತಾನೇ ಒಂದನ್ನು ಕಲ್ಪಿಸಿಕೊಂಡಿದೆ ಎಂದು ತಿಳಿಯಬೇಕು. ಆಗ ಪುನಃ ತೂಬಿಗೆ ಹಿಂದಿರುಗಬೇಕು. ಒಂದೇ ವಿಳಾಸ ಎಂದೆಂದಿಗೂ ಪ್ರಿಂಟರಿಗೇ ಮೀಸಲಾಗಿರಲೆಂದು ರೌಟರಿನ ಪುಟದಲ್ಲಿ ಗುರುತು ಮಾಡಿಡುವ ಅನುಕೂಲವೂ ಉಂಟು. ಮಾಡಿದೆವು.

ಹದಿನಾಲ್ಕು ಪ್ರತಿಗಳು

ಹುಡುಗಿ ಉಸಿರು ಬಿಗಿಹಿಡಿದು ಗುಂಡಿಯನ್ನು ಒತ್ತುವ ಮೊದಲೇ ಪ್ರಿಂಟರ್ ಗರಗರನೆ ಶುರುಮಾಡಿತು. ಒಂದು ಹಾಲ್ ಟಿಕೆಟ್ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಇನ್ನೊಂದು ಬಂತು. ಮತ್ತೊಂದು ಬಂತು! ನಿಲ್ಲಿಸುವ ಗುಂಡಿ ಯಾವುದೆಂದು ಹುಡುಕುವಷ್ಟರಲ್ಲಿ ಹದಿನಾಲ್ಕು ಪ್ರತಿಗಳು ತಟ್ಟೆಯಲ್ಲಿ ಬಿದ್ದಿದ್ದವು. ಮಧ್ಯಾಹ್ನದಿಂದ ಅವಳು ಒತ್ತಿದ ಒಂದೊಂದು ಒತ್ತೂ ವ್ಯರ್ಥವಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಸರದಿ ಹಿಡಿದು ಕಾಯುತ್ತಿತ್ತು! ಪ್ರಿಂಟರ್ ಓಗೊಡದಿದ್ದಾಗ ಮತ್ತೆ ಮತ್ತೆ ಒತ್ತಬಾರದು, ಸರದಿಯನ್ನು ಮೊದಲು ತೆರವು ಮಾಡಬೇಕು ಎಂಬುದು ಆ ರಾತ್ರಿಯ ಕೊನೆಯ ಪಾಠ.

“ಒಂದು ಕಳೆದರೆ ಇನ್ನೊಂದು ಇರಲಿ, ತಗೊಂಡು ಹೋಗವ್ವ,” ಎಂದರು ಅಜ್ಜಿ. ಉಳಿದ ಹಾಳೆಗಳ ಬೆನ್ನಿನ ಮೇಲೆ ಈಗ ಅವರ ಮನೆಯ ಹಾಲಿನ ಲೆಕ್ಕ ನಡೆಯುತ್ತಿದೆ.

ಬೆಳಗಿನ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಟೆವು. ಹಾಲ್ ಟಿಕೆಟ್ ಅವಳ ಚೀಲದಲ್ಲಿತ್ತು. ಅವಳು ಕಿಟಕಿಗೆ ತಲೆಯಾನಿಸಿ ನಿಶ್ಚಿಂತೆಯಿಂದ ನಿದ್ದೆ ಹೋದಳು. ಹೊರಡುವ ಮುನ್ನ ಭಾವನವರು ತಮ್ಮ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ, ಗದ್ದೆಯ ಸರ್ವೆ ನಂಬರುಗಳ ಕೆಳಗೆ, ಮೂರು ಸಾಲು ಬರೆದುಕೊಂಡಿದ್ದರು: ಹೆಸರು, ಗುಟ್ಟು, ವಿಳಾಸ. ಬೆಂಗಳೂರಿನಿಂದ ಆ ತಂತಿಯೂ ಅಂಚೆಯಲ್ಲಿ ಬಂದು ಬೀರುವಿನ ಖಾನೆ ಸೇರಿತು. ಮೇಷ್ಟರಾದ ನಾನು ಇದಕ್ಕಿಂತ ಹೆಚ್ಚಿನ ಸಿದ್ಧತೆಯನ್ನು ಯಾವ ಮನೆಗೂ ಹೇಳಲಾರೆ.

ತಿಂಗಳೊಪ್ಪತ್ತಿನಲ್ಲಿ ಭಾವನವರಿಂದ ದೂರವಾಣಿ ಬಂದಿತು. ನಾಲೆಯ ಮೇಲ್ಭಾಗದ ಗದ್ದೆಯ ನೆರೆಯವರು, ನೀರಿನ ಸರದಿಗಾಗಿ ಪ್ರತಿ ಬೇಸಗೆಯಲ್ಲೂ ಇವರೊಡನೆ ಜಗಳಾಡುವವರು, ತಮ್ಮ ಮನೆಯ ಪ್ರಿಂಟರ್ ಮೂಕವಾಗಿದೆಯೆಂದು ಸಂಕೋಚದಿಂದಲೇ ಕೇಳಿಕೊಂಡು ಬಂದಿದ್ದರಂತೆ.

“ಹೋಗಿದ್ದಿರಾ, ಭಾವ?”

“ಹೋಗದೆ ಏನು? ತೂಬಿನಿಂದ ಹಿಡಿದು ಒಂದೊಂದೇ ನೋಡ್ಕೊಂಡು ಬಂದೆ, ಮೇಷ್ಟ್ರೇ. ರೌಟರಿನ ಎರಡನೇ ಪಟ್ಟಿ ಮುಚ್ಚಿತ್ತು. ತೆಗೆದೆ. ಬಂತು.” ಒಂದು ಕ್ಷಣ ತಡೆದು ಹೇಳಿದರು: “ಕಾಫಿ ಕೊಟ್ಟರು.”